ಮಳೆಗಾಲದಲ್ಲಿ ಕಾಗದ, ದೀಪಾವಳಿಗೆ ಸುಣ್ಣ: ಉತ್ತರ ಕನ್ನಡದಲ್ಲಿ ಮನೆ ಮಾರಲು ಹೊತ್ತು ನೋಡುವ ಬಗೆ

ಕುಮಟಾ ಹತ್ತಿರದ ನಮ್ಮ ಅಜ್ಜನ ಮನೆ ಮಾರುವುದೆಂದು ನಿಶ್ಚಯವಾದಾಗ ನಾವು ಮೊದಲು ತಪ್ಪಿದ್ದು ತಿಂಗಳಿನಲ್ಲಿ. ಮೇ ರಜೆಗೆ ಎಲ್ಲರೂ ಸೇರಿದ್ದೆವು, ಮಾತುಕತೆ ಮುಗಿಯಿತು, ಜೂನ್ ಮೊದಲ ವಾರದಲ್ಲೇ ನಾಲ್ಕು ಜನರ ಕಿವಿಗೆ ಹಾಕಿಬಿಟ್ಟೆವು. ಹುಬ್ಬಳ್ಳಿಯಿಂದ ಒಂದು ಕುಟುಂಬ ನೋಡಲು ಬಂದದ್ದು ಆರಿದ್ರಾ ಮಳೆ ಹೊಡೆಯುತ್ತಿದ್ದ ದಿನ. ಕಾರಿಳಿದು ಜಗಲಿ ಹತ್ತುವಷ್ಟರಲ್ಲಿ ತೋಯ್ದುಹೋದರು. ಅಂಗಳದಲ್ಲಿ ಹಾವಸೆ (ಪಾಚಿ), ನಡುಮನೆ ಗೋಡೆಗೆ ಮೊಣಕಾಲೆತ್ತರ ಥಂಡಿ, ಹಿಂದಿನ ಕೋಣೆಯಲ್ಲಿ ಸೋರುವ ಜಾಗಕ್ಕೆ ಇಟ್ಟ ಬೋಗುಣಿ, ಕರೆಂಟೂ ಇಲ್ಲ. ಚಹಾ ಕುಡಿದು, "ಆಮ್ಯಾಲೆ ಫೋನ್ ಮಾಡ್ತೀವ್ರಿ" ಎಂದು ಹೋದರು. ಫೋನು ಬರಲಿಲ್ಲ. ಆ ಮಳೆಗಾಲದಲ್ಲಿ ಇನ್ನಿಬ್ಬರು ಬಂದರು, ಇಬ್ಬರೂ ನಾವು ಹೇಳಿದ ಬೆಲೆಯ ಮುಕ್ಕಾಲು ಭಾಗದಿಂದ ಮಾತು ಶುರುಮಾಡಿದರು.

ಅದೇ ಮನೆಯನ್ನು ಜನವರಿಯಲ್ಲಿ ತೋರಿಸಿದಾಗ ಮೂರನೇ ಗಿರಾಕಿಗೆ ಮಾತಾಯಿತು. ಗೋಡೆ, ಮಾಡು (ಹೆಂಚಿನ ಚಾವಣಿ), ಬಾವಿ ಯಾವುದೂ ಬದಲಾಗಿರಲಿಲ್ಲ. ಬದಲಾಗಿದ್ದು ಎರಡೇ: ಗೋಡೆ ಒಣಗಿತ್ತು, ಕಾಗದಪತ್ರ ಸಿದ್ಧವಿತ್ತು. ಆಮೇಲೆ ನೆಂಟರಿಷ್ಟರ ಮೂರು ಮನೆಗಳ ಮಾರಾಟಕ್ಕೆ ಓಡಾಡಿದ್ದೇನೆ. ಕಾರವಾರದಲ್ಲಿ ಒಂದು, ಶಿರಸಿಯಲ್ಲಿ ಎರಡು. ಅದರಿಂದ ತಿಳಿದದ್ದನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಕೀಲಿ ಕೊಡುವ ದಿನದಿಂದ ಹಿಂದಕ್ಕೆ ಎಣಿಸಿ

ಮನೆ ಮಾರುವವರು ಸಾಮಾನ್ಯವಾಗಿ ಯೋಚಿಸುವುದು "ಯಾವಾಗ ಜನರಿಗೆ ಹೇಳೋಣ" ಎಂದು. ಅದರ ಬದಲು, ಕೊಂಡವರ ಕೈಗೆ ಕೀಲಿ ಕೊಡುವ ದಿನ ಯಾವುದಿರಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಆ ದಿನ ಮೇ ಮೂರನೇ ವಾರ ದಾಟಬಾರದು. ಜೂನ್ ಮೊದಲ ವಾರದ ನಂತರ ಮೃಗಶಿರಾ ಮಳೆ ಹಿಡಿದರೆ ಸಾಮಾನು ಸಾಗಿಸುವುದು, ಮಾಡು ಕೈಯಾಡಿಸುವುದು ಎಲ್ಲ ಕಷ್ಟ. ಶಾಲೆಗಳೂ ಮೇ ಕೊನೆಗೆ, ಜೂನ್ ಮೊದಲಿಗೆ ಶುರುವಾಗುತ್ತವೆ. ಮಕ್ಕಳಿರುವ ಕುಟುಂಬ ಅಷ್ಟರೊಳಗೆ ಹೊಸ ಮನೆಯಲ್ಲಿ ಇರಬೇಕೆನ್ನುತ್ತದೆ.

ಅಲ್ಲಿಂದ ಹಿಂದಕ್ಕೆ ಎಣಿಸಿ. ಮೇನಲ್ಲಿ ಕೀಲಿ ಕೊಡಬೇಕಾದರೆ ಏಪ್ರಿಲ್‌ನಲ್ಲಿ ಖರೀದಿ ಪತ್ರ ಆಗಬೇಕು. ಕೊಳ್ಳುವವರು ಬ್ಯಾಂಕ್ ಸಾಲ ತೆಗೆಯುವವರಾದರೆ ವಕೀಲರ ಅಭಿಪ್ರಾಯ, ಇಂಜಿನಿಯರರ ಮೌಲ್ಯಮಾಪನ, ಮಂಜೂರಾತಿ ಎಂದು ಎರಡು ತಿಂಗಳು ಹಿಡಿಯಿರಿ. ಎಂದರೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲಿಗೆ ಸಂಚಕಾರ (ಮುಂಗಡ ಹಣ) ಕೈಸೇರಬೇಕು. ಅದಕ್ಕೆ ನವೆಂಬರ್ ನಡುವಿನಿಂದ ಮನೆ ತೋರಿಸಲು ತಯಾರಿರಬೇಕು. ನವೆಂಬರ್‌ಗೆ ತಯಾರಿರಬೇಕಾದರೆ ಕಾಗದದ ಕೆಲಸ ಜೂನ್‌ನಲ್ಲಿ ಹಿಡಿಯಬೇಕು. ಮಾರಾಟದ ಹಂಗಾಮು ಬೇಸಿಗೆಯದಾದರೂ ಕೆಲಸ ಶುರುವಾಗುವುದು ಹಿಂದಿನ ಮಳೆಗಾಲದಲ್ಲಿ.

ನಿಮ್ಮ ಮನೆ ಕೊಳ್ಳುವವರು ಯಾರು?

ಇದು ಘಟ್ಟದ ಮೇಲೆ ಒಂದು ಥರ, ಘಟ್ಟದ ಕೆಳಗೆ ಇನ್ನೊಂದು ಥರ. ಕೊಳ್ಳುವವರ ಕೈಯಲ್ಲಿ ಹಣ ಓಡಾಡುವ ತಿಂಗಳು ಬೇರೆಬೇರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ಕೊಳ್ಳುವವರಲ್ಲಿ ಅಡಿಕೆ ಬೆಳೆಗಾರ ಕುಟುಂಬಗಳೇ ಹೆಚ್ಚು. ಹಳ್ಳಿಯ ಮನೆ ಇಟ್ಟುಕೊಂಡು ಮಕ್ಕಳ ಓದಿಗೆಂದು ಪೇಟೆಯಲ್ಲಿ ಒಂದು ಮನೆ, ಇಲ್ಲವೇ ವಯಸ್ಸಾದ ಮೇಲೆ ಆಸ್ಪತ್ರೆಗೆ ಹತ್ತಿರವಿರಲೆಂದು ಒಂದು ಮನೆ. ಇವರ ವರ್ಷ ನಡೆಯುವುದು ಕೊನೆ (ಅಡಿಕೆ ಗೊನೆ) ಕೊಯ್ಲಿನ ಮೇಲೆ. ಕೊಯ್ಲು ಕಾರ್ತಿಕದ ಹೊತ್ತಿಗೆ ಶುರುವಾಗಿ ಮಾಘದವರೆಗೆ ಎಳೆಯುತ್ತದೆ. ಬೇಯಿಸಿ ರಾಶಿ ಮಾಡುವವರಿಗೆ ಹಣ ಬೇಗ ಬರುತ್ತದೆ, ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ ಅಡಿಕೆ) ಮಾಡುವವರು ಬಿಸಿಲು ಕಾಯಬೇಕು, ಸುಲಿಸಬೇಕು, ದರ ನೋಡಿ ಮಾರಾಟಕ್ಕೆ ಬಿಡಬೇಕು. ಹಾಗಾಗಿ ಶಿರಸಿಯಲ್ಲಿ ಡಿಸೆಂಬರ್‌ನಲ್ಲಿ ಬಂದು ಮನೆ ನೋಡಿದವರು "ಅಡಿಕೆ ಬಿಟ್ಟ ಮೇಲೆ ಮಾತಾಡುವ" ಎಂದರೆ ಅದು ತಪ್ಪಿಸಿಕೊಳ್ಳುವ ಮಾತಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ನೀವೇ ಒಮ್ಮೆ ಫೋನ್ ಮಾಡಿ. ನಾನು ಓಡಾಡಿದ ಎರಡೂ ಮನೆಗಳ ಮಾತು ಕುದುರಿದ್ದು ಹಾಗೆ ಎರಡನೇ ಸಲ ಕೇಳಿದಾಗಲೇ.

ಶಿರಸಿಗೆ ಇನ್ನೊಂದು ಲೆಕ್ಕವಿದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಗಳಲ್ಲಿ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಜಾತ್ರೆಯ ವಾರದಲ್ಲಿ ಪೇಟೆಯೊಳಗೆ ವಾಹನ ತರುವುದೇ ಕಷ್ಟ, ಮನೆ ತೋರಿಸುವ ಮಾತು ದೂರ. ಜಾತ್ರೆ ಕಳೆದ ಮೇಲೂ ಯುಗಾದಿಯವರೆಗೆ ಒಳ್ಳೆಯ ಕೆಲಸಕ್ಕೆ ಕೈಹಾಕದ ಮನೆಗಳು ಊರಲ್ಲಿ ಬಹಳ ಇವೆ. ಜಾತ್ರೆ ವರ್ಷದಲ್ಲಿ ಮಾರುವವರು ಸಂಚಕಾರವನ್ನು ಜಾತ್ರೆಗೆ ಮೊದಲೇ ಮುಗಿಸಿಕೊಂಡು ಖರೀದಿ ಪತ್ರವನ್ನು ಯುಗಾದಿ ಆಚೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಜಾತ್ರೆಗೆ ಊರವರೆಲ್ಲ ಬಂದಿರುತ್ತಾರೆ, ಬೆಂಗಳೂರಿನ ನೆಂಟರೂ ಬಂದಿರುತ್ತಾರೆ. ಇನ್ನೂ ಗಿರಾಕಿ ಸಿಗದಿದ್ದರೆ, ಮನೆ ಮಾರಾಟಕ್ಕಿದೆಯೆಂಬ ಸುದ್ದಿ ಹರಡಲು ಅದಕ್ಕಿಂತ ಒಳ್ಳೆಯ ವಾರವಿಲ್ಲ.

ಕಾರವಾರದಲ್ಲಿ ಗಿರಾಕಿ ಸಂಬಳದವರು. ಸರ್ಕಾರಿ ಕಚೇರಿಗಳು, ಕೈಗಾ ಅಣು ವಿದ್ಯುತ್ ಸ್ಥಾವರ, ಅರಗಾದ ನೌಕಾನೆಲೆ, ವೈದ್ಯಕೀಯ ಕಾಲೇಜು, ಗಡಿಯಾಚೆ ಗೋವಾದಲ್ಲಿ ಕೆಲಸ ಮಾಡುವವರು. ಇವರು ಬೆಳೆ ನೋಡುವುದಿಲ್ಲ, ವರ್ಗಾವಣೆ ಮತ್ತು ಶಾಲೆಯ ರಜೆ ನೋಡುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮನೆ ಹುಡುಕುತ್ತಾರೆ, ಮೇನಲ್ಲಿ ಒಳಹೊಗುತ್ತಾರೆ. ಎಲ್ಲರೂ ಬ್ಯಾಂಕ್ ಸಾಲದವರೇ ಆದ್ದರಿಂದ ಕಾಗದದಲ್ಲಿ ಒಂದು ಕೊಂಡಿ ತಪ್ಪಿದರೂ ಬ್ಯಾಂಕಿನ ವಕೀಲರು ನಿಲ್ಲಿಸುತ್ತಾರೆ. ಕಾರವಾರದ ಮನೆಗೆ ಬಣ್ಣಕ್ಕಿಂತ ಕಡತ ಮುಖ್ಯ.

ಅಂಕೋಲಾ, ಗೋಕರ್ಣ, ಕುಮಟಾದ ಕರಾವಳಿ ಪಟ್ಟಿಯಲ್ಲಿ ಹುಬ್ಬಳ್ಳಿ–ಧಾರವಾಡ, ಬೆಂಗಳೂರಿನವರು ರಜೆಗೆ ಬಂದಿರಲೆಂದು ಮನೆ ಕೇಳುತ್ತಾರೆ. ಇವರು ಬರುವುದು ಅಕ್ಟೋಬರ್ ರಜೆ, ಕ್ರಿಸ್‌ಮಸ್, ಸಂಕ್ರಾಂತಿ, ಗಣರಾಜ್ಯೋತ್ಸವದ ವಾರಾಂತ್ಯಗಳಲ್ಲಿ. ಕಡಲು ಶಾಂತ, ಗಾಳಿ ತಂಪು, ಜನ ಉಲ್ಲಾಸದಲ್ಲಿರುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನೋಡುವವರಿಗೂ ಜನವರಿಯ ಸಂಜೆ ಜಗಲಿಯಲ್ಲಿ ಕೂತು ನೋಡುವವರಿಗೂ ಬಹಳ ವ್ಯತ್ಯಾಸ. ದೋಣಿ ಇರುವ ಕುಟುಂಬಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿ. ಆ ಎರಡು ತಿಂಗಳು ಕೈ ಕಟ್ಟಿದಂತೆ. ಅವರ ಬಳಿ ಮಾತೆತ್ತುವುದಿದ್ದರೆ ಚೌತಿ ಕಳೆಯಲಿ.

ಇವೆಲ್ಲಕ್ಕೂ ತಿರುಗುಮುರುಗಾಗಿರುವುದು ಭಟ್ಕಳ, ಮತ್ತೆ ಹೊನ್ನಾವರದ ಕೆಲವು ಊರುಗಳು. ಅಲ್ಲಿ ಕೊಳ್ಳುವವರಲ್ಲಿ ಕೊಲ್ಲಿ ದೇಶಗಳಲ್ಲಿರುವವರು ಬಹಳ. ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ–ಆಗಸ್ಟ್‌ನಲ್ಲಿ. ಕುಟುಂಬ ಊರಿಗೆ ಬರುವುದು ಸುರಿವ ಮಳೆಯಲ್ಲೇ. ನೀವು ಅಲ್ಲಿನವರಾದರೆ ಮಳೆಗಾಲವೇ ನಿಮ್ಮ ಹಂಗಾಮು. ಆದ್ದರಿಂದ ಮಾಡಿನ ದುರಸ್ತಿ, ಸುಣ್ಣ ಬಣ್ಣ, ಕಾಗದ ಎಲ್ಲವೂ ಏಪ್ರಿಲ್ ಒಳಗೆ ಮುಗಿದಿರಬೇಕು. ಅವರಿಗೆ ಊರಲ್ಲಿರುವುದು ನಾಲ್ಕಾರು ವಾರ ಮಾತ್ರ. ಎರಡನೇ ಸಲ ಬನ್ನಿ ಎನ್ನುವ ಅವಕಾಶವಿಲ್ಲ.

ಬಾವಿ ಮೇನಲ್ಲಿ, ಮಾಡು ಜುಲೈನಲ್ಲಿ, ಮನೆ ನವೆಂಬರ್‌ನಲ್ಲಿ

ಅಜ್ಜನ ಮನೆ ಕೊಂಡವರು ಸಾಗರ ಕಡೆಯವರು. ಜನವರಿಯಲ್ಲಿ ಬಾವಿ ಬಗ್ಗಿ ನೋಡಿ, "ಈಗ ಎಲ್ಲ ಬಾವೀಲೂ ನೀರಿರ್ತದೆ, ಮೇನಲ್ಲಿ ಎಷ್ಟಿರ್ತದೆ ಹೇಳಿ" ಎಂದರು. ನನ್ನ ಹತ್ತಿರ ಹಿಂದಿನ ಬೇಸಿಗೆಯ ವಿಡಿಯೋ ಇತ್ತು, ಬಾವಿಗೆ ಇಳಿದು ಹೂಳೆತ್ತಿಸಿದಾಗ ತೆಗೆದದ್ದು. ಆ ವಿಡಿಯೋ ತೋರಿಸಿದ ಮೇಲೆ ಚೌಕಾಸಿ ಅರ್ಧಕ್ಕರ್ಧ ಕಡಿಮೆಯಾಯಿತು. ಮಾರುವ ಯೋಚನೆ ಇದ್ದವರು ಇದನ್ನು ತಪ್ಪದೆ ಮಾಡಿ.

ಏಪ್ರಿಲ್ ಕೊನೆಯಿಂದ ಮೇ ನಡುವಿನೊಳಗೆ ಬಾವಿಯ ನೀರಿನ ಮಟ್ಟವನ್ನು ಹಗ್ಗ ಬಿಟ್ಟು ಅಳೆದು ವಿಡಿಯೋ ತೆಗೆದಿಡಿ. ಕಡಲು, ಅಳಿವೆ ಹತ್ತಿರದ ಬಾವಿಯಾದರೆ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಮೇನಲ್ಲಿ ನೀರಿನ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ಜುಲೈನ ಜಡಿಮಳೆಯಲ್ಲಿ ಅಟ್ಟ ಹತ್ತಿ ಹೆಂಚು ಹೊರುವ ಮರದ ರೀಪು, ಪಕಾಸುಗಳ ವಿಡಿಯೋ ತೆಗೆಯಿರಿ. ಎಲ್ಲಿ ಸೋರುತ್ತದೆ ಎಂಬುದು ನಿಮಗೂ ಗೊತ್ತಾಗುತ್ತದೆ, ಸೋರದ ಮಾಡು ಎಂದು ತೋರಿಸಲಿಕ್ಕೂ ಆಗುತ್ತದೆ. ಹೊರಗಿನ ಹಸಿರು ಬೇಕಾದರೆ ಸೆಪ್ಟೆಂಬರ್ ಕೊನೆಯ ಬಿಸಿಲಿನಲ್ಲಿ ಎರಡು ಫೋಟೋ. ಒಳಗಿನ ಕೋಣೆಗಳ ಫೋಟೋ ಮಾತ್ರ ಸುಣ್ಣ ಬಳಿದ ಮೇಲೆ, ನವೆಂಬರ್‌ನಲ್ಲಿ.

ಈಗಿನ ಗಿರಾಕಿಗಳು ಇನ್ನೆರಡು ಪ್ರಶ್ನೆ ಕೇಳುತ್ತಾರೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ನದಿ ಉಕ್ಕಿದಾಗ ಇಲ್ಲಿ ನೀರು ಬಂದಿತ್ತೇ? ಕಾಳಿ, ಗಂಗಾವಳಿ ದಂಡೆಯ ಊರುಗಳಲ್ಲಿ ಇದು ಖಂಡಿತ ಬರುವ ಪ್ರಶ್ನೆ. ಎರಡನೆಯದು, ಮನೆಯ ಹಿಂದಿನ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ). 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದ ಮೇಲೆ ಗುಡ್ಡ ಕಡಿದು ಕಟ್ಟಿದ ಮನೆಯೆಂದರೆ ಜನ ಹೆದರುತ್ತಾರೆ, ಹೆದರಬೇಕಾದದ್ದೇ. ಧರೆಗೆ ಕಲ್ಲು ಕಟ್ಟಿಸಿದ್ದರೆ, ನೀರು ಹೋಗಲು ಮೇಲೆ ಕಾಲುವೆ ತೆಗೆಸಿದ್ದರೆ, ಮಳೆಯಲ್ಲಿ ಅದು ಕೆಲಸ ಮಾಡುವುದನ್ನು ಚಿತ್ರ ತೆಗೆದು ತೋರಿಸಿ. ನೀರು ಬಂದಿದ್ದರೆ ಬಂದಿತ್ತು ಎಂದೇ ಹೇಳಿ, ಎಲ್ಲಿಯವರೆಗೆ ಎಂಬುದನ್ನೂ ತೋರಿಸಿ. ಮುಚ್ಚಿಟ್ಟರೆ ಪಕ್ಕದ ಮನೆಯವರು ಹೇಳುತ್ತಾರೆ, ಆಗ ಮಾತು ಪೂರ್ತಿ ಮುರಿಯುತ್ತದೆ.

ಜೂನ್–ಆಗಸ್ಟ್: ಕಾಗದ ಕೂಡಿಸಿ

ಹೊರಗೆ ಕಾಲಿಡಲಾಗದ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಇದು. ಗಿರಾಕಿ ಸಿಕ್ಕ ಮೇಲೆ ಕಾಗದ ಹುಡುಕಲು ಹೊರಟವರ ಹಂಗಾಮು ಕೈತಪ್ಪಿದ್ದನ್ನು ನಾನೇ ಕಂಡಿದ್ದೇನೆ. ಶಿರಸಿಯ ನಮ್ಮ ಭಾವನವರ ಮನೆಗೆ ಫೆಬ್ರವರಿಯಲ್ಲಿ ಒಳ್ಳೆಯ ಗಿರಾಕಿ ಬಂದಿದ್ದರು. ಖಾತೆ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇತ್ತು. ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮುಗಿದು ಹೆಸರು ಬರುವಷ್ಟರಲ್ಲಿ ಜೂನ್ ಆಯಿತು, ಬಂದವರು ಬೇರೆ ಮನೆ ಹಿಡಿದರು.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯತ ವ್ಯಾಪ್ತಿಯಾದರೆ ಇ-ಖಾತೆ, ಗ್ರಾಮ ಪಂಚಾಯತ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವಿಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಸಿಟಿ ಸರ್ವೆ ಆದ ಜಾಗಕ್ಕೆ ಪ್ರಾಪರ್ಟಿ ಕಾರ್ಡ್ ಬೇಕು. ಋಣಭಾರ ಪತ್ರ, ಎಂದರೆ ಇ.ಸಿ., ಬ್ಯಾಂಕುಗಳು ಸಾಮಾನ್ಯವಾಗಿ ಬಹಳ ವರ್ಷದ್ದು ಕೇಳುತ್ತವೆ, ಮೊದಲೇ 30 ವರ್ಷದ್ದನ್ನು ತೆಗೆಸಿಡಿ. ನೋಂದಣಿ ಈಗ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುವುದರಿಂದ ಇ.ಸಿ.ಗೆ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಹಳೆಯ ಖರೀದಿ ಪತ್ರ, ವಾಟಣಿ (ಪಾಲು ವಿಭಾಗದ) ಪತ್ರ, ಮನೆ ಕಟ್ಟಲು ಪಡೆದ ಪರವಾನಗಿ, ಎನ್.ಎ. (ಕೃಷಿಯೇತರ ಬಳಕೆಯ) ಆದೇಶ, ತೆರಿಗೆ ಪಾವತಿ: ಇವೆಲ್ಲದರ ಒಂದೊಂದು ಪ್ರತಿ ಒಂದೇ ಕಡತದಲ್ಲಿರಲಿ.

ನಮ್ಮ ಜಿಲ್ಲೆಗೆ ವಿಶೇಷವಾದ ಮೂರು ತೊಡಕುಗಳನ್ನು ಈಗಲೇ ನೋಡಿಕೊಳ್ಳಿ. ಒಂದು, ಮನೆ ನಿಂತ ಜಾಗ ಅರಣ್ಯ ಅತಿಕ್ರಮಣದ್ದೇ? ಹಾಗಿದ್ದರೆ ಮಾಲ್ಕಿ (ಒಡೆತನ) ಇಲ್ಲ, ಕಾನೂನುಬದ್ಧ ಮಾರಾಟವೂ ಇಲ್ಲ. ಬಾಂಡ್ ಪೇಪರಿನ ಮೇಲೆ ಬರೆದುಕೊಡುವ ಒಪ್ಪಂದಕ್ಕೆ ಇಳಿಯಬೇಡಿ, ಕೊಡುವವರಿಗೂ ಕೊಳ್ಳುವವರಿಗೂ ಅದು ಅಪಾಯ. ಹಾಗೆಯೇ ತೋಟದ ಜೊತೆಗಿರುವ ‘ಬೆಟ್ಟ’ (ಸೊಪ್ಪಿನ ಕಾಡು) ಎಂಬುದು ಸೊಪ್ಪು ತರಲು ಇರುವ ಸವಲತ್ತು, ಸ್ವಂತ ಆಸ್ತಿಯಲ್ಲ. ಬೆಲೆ ಹೇಳುವಾಗ ಅದನ್ನು ಎಕರೆ ಲೆಕ್ಕಕ್ಕೆ ಸೇರಿಸಬೇಡಿ. ಎರಡು, ಕಡಲ ದಂಡೆ ಅಥವಾ ಅಳಿವೆಯ ಹತ್ತಿರದ ಮನೆಯಾದರೆ ಕರಾವಳಿ ನಿಯಂತ್ರಣ ವಲಯದ ಪ್ರಶ್ನೆ ಬರುತ್ತದೆ. ಕೊಳ್ಳುವವರು ಮುಂದೆ ಕೆಡವಿ ಕಟ್ಟುವ, ವಸತಿಗೃಹ ಮಾಡುವ ಯೋಚನೆಯಲ್ಲಿದ್ದರೆ ಅದೇ ಅವರ ಮೊದಲ ಪ್ರಶ್ನೆ. ಮೂರು, ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಮಾರುವುದಿದ್ದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಬೇರೆ ಮಾಡಿದ ಸರ್ವೆ ನಕ್ಷೆ) ಬೇಕು. ಅರ್ಜಿಯನ್ನು ಮಳೆಗಾಲದಲ್ಲಿ ಹಾಕಿಟ್ಟರೂ ಅಳತೆಗೆ ಭೂಮಾಪಕರು ಗದ್ದೆ ಬದಿಗೆ, ಗುಡ್ಡಕ್ಕೆ ಬರುವುದು ಮಳೆ ಬಿಟ್ಟ ಮೇಲೇ. ಸಾಲಿನಲ್ಲಿ ನಿಮ್ಮ ಅರ್ಜಿ ಮುಂದೆ ಇರಲೆಂದು ಜೂನ್‌ನಲ್ಲೇ ಹಾಕಬೇಕು.

ಸೊಸೈಟಿ ಸಾಲದ ಭೋಜ (ಋಣಭಾರ) ಪಹಣಿಯ 11ನೇ ಕಲಮಿನಲ್ಲಿ ಕೂತಿರುತ್ತದೆ. ಬೆಳೆಸಾಲವನ್ನು ಬಹುಮಂದಿ ಮಾರ್ಚ್ ಒಳಗೆ ತುಂಬಿ ಮತ್ತೆ ಹೊಸದಾಗಿ ಎತ್ತುತ್ತಾರೆ. ಮಾರುವ ಯೋಚನೆ ಇದ್ದ ವರ್ಷ ತುಂಬಿದ ಮೇಲೆ ಮತ್ತೆ ಎತ್ತಬೇಡಿ. ಆ ನಡುವಿನ ಹೊತ್ತಿನಲ್ಲೇ ಬೇಬಾಕಿ (ಸಾಲ ಬಾಕಿ ಇಲ್ಲವೆಂಬ) ಪತ್ರ ಪಡೆದು ಭೋಜ ಇಳಿಸಿಕೊಳ್ಳಿ.

ಚೌತಿಗೆ ಎಲ್ಲರನ್ನೂ ಕೂರಿಸಿ ಮಾತಾಡಿ

ಹಿರಿಯರ ಮನೆಯಾದರೆ ಅಣ್ಣತಮ್ಮಂದಿರ ಒಪ್ಪಿಗೆ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. 2005ರಲ್ಲಿ ತಂದೆ ಬದುಕಿರಲಿ ಬಿಡಲಿ, ಹಕ್ಕು ಇದ್ದೇ ಇದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಅಕ್ಕತಂಗಿಯರ ಸಹಿ ಬ್ಯಾಂಕಿನ ವಕೀಲರು ಕೇಳಿದ ಮೇಲೆ ತರುವ ಕಾಗದವಲ್ಲ. ಅವರ ಪಾಲು ಎಷ್ಟು, ಯಾವಾಗ ಕೊಡುವುದು ಎಂಬುದನ್ನು ಮೊದಲೇ ಕೂತು ಮಾತಾಡಬೇಕು. ನಮ್ಮ ಕಡೆ ಮುಂಬೈ, ಪುಣೆ, ಬೆಂಗಳೂರಿನಲ್ಲಿರುವವರೆಲ್ಲ ಒಂದೇ ಸೂರಿನಡಿ ಸೇರುವುದು ಚೌತಿಗೆ. ಗಣಪತಿ ಕಳಿಸಿದ ಮಾರನೇ ದಿನ ಎಲ್ಲರೂ ಇರುವಾಗಲೇ ಕಡಿಮೆಯೆಂದರೆ ಎಷ್ಟಕ್ಕೆ ಕೊಡುವುದು, ಮಾತಾಡುವ ಅಧಿಕಾರ ಯಾರಿಗೆ, ದೇವರ ಪೀಠ–ಭೂತಪ್ಪನ ಕಟ್ಟೆಯ ಪೂಜೆ ಮುಂದೆ ಯಾರದ್ದು, ಎಲ್ಲವನ್ನೂ ಬರೆದುಕೊಳ್ಳಿ. ಕೊನೆಯದನ್ನು ಸಣ್ಣದೆಂದು ಬಿಟ್ಟು ನೋಂದಣಿ ದಿನ ಕಣ್ಣೀರು ಹಾಕಿದ ಮನೆಗಳಿವೆ.

ವಿದೇಶದಲ್ಲಿರುವವರು ಮುಖತ್ಯಾರಪತ್ರ (ಪವರ್ ಆಫ್ ಅಟಾರ್ನಿ) ಕಳಿಸುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬೇಕು, ಅದು ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ತುಂಬಿಸಬೇಕು. ಹಾಗಾಗಿ ತೀರ ಮುಂಚೆ ತರಿಸಿ ಕಪಾಟಿನಲ್ಲಿಡಬೇಡಿ.

ದಸರೆಯಿಂದ ದೀಪಾವಳಿ: ಕೈಕೆಲಸ

ಮಳೆ ನಿಂತ ವಾರವೇ ಸುಣ್ಣ ಬಳಿಸಬೇಡಿ. ಕೆಂಪುಕಲ್ಲಿನ ಗೋಡೆ ನಾಲ್ಕು ತಿಂಗಳು ನೀರು ಕುಡಿದಿರುತ್ತದೆ. ಹಸಿಗೋಡೆಗೆ ಬಣ್ಣ ಹಾಕಿದರೆ ಡಿಸೆಂಬರ್‌ಗೆ ಗುಳ್ಳೆ ಎದ್ದು ಉದುರುತ್ತದೆ, ನೋಡಲು ಬಂದವರ ಎದುರೇ ಹಕ್ಕಳೆ ಏಳುತ್ತದೆ. ಮೊದಲು ಕಿಟಕಿ ಬಾಗಿಲು ತೆರೆದು ನಾಲ್ಕೈದು ವಾರ ಬಿಸಿಲು ಗಾಳಿ ಆಡಲಿ. ಅಷ್ಟರಲ್ಲಿ ಒಡೆದ ಹೆಂಚು ಬದಲಿಸುವುದು, ಒರಲೆ ಹಿಡಿದ ರೀಪು ತೆಗೆಸುವುದು, ಅಂಗಳದ ಹಾವಸೆ ಕೆರೆಸುವುದು, ಕಡಲ ಬದಿಯಾದರೆ ತುಕ್ಕು ಹಿಡಿದ ಕಿಟಕಿ ಸರಳಿಗೆ ಬಣ್ಣ. ಹಸ್ತ, ಚಿತ್ತೆಯ ಗುಡುಗು ಮಳೆ ಸಂಜೆ ಬರುತ್ತಲೇ ಇರುತ್ತದೆ, ಆದ್ದರಿಂದ ಮಾಡು ಬಿಚ್ಚಿದ ದಿನವೇ ಮುಚ್ಚುವಷ್ಟು ಮಾತ್ರ ಬಿಚ್ಚಿಸಿ. ಸುಣ್ಣ ದೀಪಾವಳಿಗೆ. ದೊಡ್ಡ ಖರ್ಚಿನ ಹೊಸ ಅಡುಗೆಮನೆ, ಟೈಲ್ಸು ಬೇಡ. ಕೊಳ್ಳುವವರು ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಾರೆ.

ಪಂಚಾಂಗವನ್ನೂ ನೋಡಿ

ನೀವು ನಂಬುತ್ತೀರೋ ಇಲ್ಲವೋ ಎಂಬುದಕ್ಕಿಂತ ಕೊಳ್ಳುವವರು ನಂಬುತ್ತಾರೋ ಎಂಬುದು ಮುಖ್ಯ. ಆಷಾಢ, ಭಾದ್ರಪದ ಕೃಷ್ಣಪಕ್ಷದ ಪಿತೃಪಕ್ಷ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸ, ಅಧಿಕ ಮಾಸ: ಈ ಹೊತ್ತಿನಲ್ಲಿ ಸಂಚಕಾರ ಕೊಡುವವರು ಕಡಿಮೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ ಬರುವುದರಿಂದ ಗೃಹಪ್ರವೇಶ ಬೇಕೆನ್ನುವವರು ಅದಕ್ಕೂ ಮೊದಲೇ ಮುಗಿಸಲು ನೋಡುತ್ತಾರೆ. ಧನುರ್ಮಾಸದಲ್ಲಿ ಮನೆ ನೋಡಲು ಮಾತ್ರ ಯಾರ ಅಡ್ಡಿಯೂ ಇಲ್ಲ. ಡಿಸೆಂಬರ್‌ನಲ್ಲಿ ತೋರಿಸಿ, ಬೆಲೆ ಮಾತಾಡಿ, ಸಂಕ್ರಾಂತಿ ಕಳೆದು ಸಂಚಕಾರ ಹಿಡಿಯುವುದು ನಮ್ಮ ಕಡೆ ಚೆನ್ನಾಗಿ ಹೊಂದುತ್ತದೆ.

ಮಾರ್ಚ್ 28 ಅಥವಾ ಏಪ್ರಿಲ್ 5?

ಎಂಟು ದಿನದ ವ್ಯತ್ಯಾಸ, ಆದರೆ ಆದಾಯ ತೆರಿಗೆಗೆ ಒಂದು ವರ್ಷದ ವ್ಯತ್ಯಾಸ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿದ ಲಾಭಕ್ಕೆ ತೆರಿಗೆ 12.5%. 2024ರ ಜುಲೈ 23ಕ್ಕೂ ಮೊದಲು ಕೊಂಡದ್ದಾದರೆ, ನೀವು ಭಾರತದ ನಿವಾಸಿಯಾಗಿದ್ದರೆ, ಹಣದುಬ್ಬರ ಕಳೆದು 20% ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಕೊಡಬಹುದು. ಹಿರಿಯರಿಂದ ಬಂದ ಮನೆಗೆ ಅವರು ಇಟ್ಟುಕೊಂಡ ಅವಧಿಯೂ ಸೇರುತ್ತದೆ. 2001ಕ್ಕಿಂತ ಹಳೆಯದಾದರೆ 2001ರ ಏಪ್ರಿಲ್ 1ರ ಮೌಲ್ಯವನ್ನೇ ಖರೀದಿ ಬೆಲೆಯೆಂದು ಹಿಡಿಯಬಹುದು.

ಲಾಭದ ಹಣದಿಂದ ಬೇರೆ ಮನೆ ಕೊಂಡರೆ ತೆರಿಗೆ ಉಳಿಯುತ್ತದೆ. ಮಾರಿದ ದಿನದಿಂದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಅಲ್ಲಿಯವರೆಗೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು, ಅದೂ ರಿಟರ್ನ್ ಸಲ್ಲಿಸುವ ಗಡುವಿನೊಳಗೆ. ಮಾರ್ಚ್ 28ಕ್ಕೆ ನೋಂದಣಿಯಾದರೆ ಆ ಗಡುವು ನಾಲ್ಕೇ ತಿಂಗಳಲ್ಲಿ, ಜುಲೈ 31ಕ್ಕೆ ಬರುತ್ತದೆ. ಏಪ್ರಿಲ್ 5ಕ್ಕೆ ಆದರೆ ಮರುವರ್ಷದ ಜುಲೈವರೆಗೆ ಸಮಯವಿದೆ. ಹೊಸ ಮನೆ ಎಲ್ಲಿ ಎಂದು ಇನ್ನೂ ಗೊತ್ತಾಗದವರಿಗೆ ಈ ವ್ಯತ್ಯಾಸ ದೊಡ್ಡದು. ಕೊಳ್ಳುವವರು ಒಪ್ಪಿದರೆ ನೋಂದಣಿಯನ್ನು ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಳ್ಳಿ ಎಂದೇ ನಾನು ಹೇಳುವುದು. ಲಾಭವನ್ನು ಎಲ್ಲೂ ತೊಡಗಿಸದೆ ತೆರಿಗೆ ಕಟ್ಟುವವರು ಮುಂಗಡ ತೆರಿಗೆಯ ಕಂತುಗಳನ್ನು ಲೆಕ್ಕಪರಿಶೋಧಕರ ಬಳಿ ಕೇಳಿಕೊಳ್ಳಿ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು 1% ತೆರಿಗೆ ಹಿಡಿದು ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಹಿಡಿಯುವ ಮೊತ್ತ ಬಹಳ ಹೆಚ್ಚು. ಕಡಿಮೆ ಹಿಡಿಯಲು ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಅದಕ್ಕೆ ವಾರಗಳು ಬೇಕಾಗುತ್ತವೆ, ಸಂಚಕಾರ ಆದ ಕೂಡಲೇ ಅರ್ಜಿ ಹಾಕಿ.

ತೋಟ ಸಹಿತ ಮನೆಯಾದರೆ

ಫಸಲು ಮರದ ಮೇಲಿರುವಾಗ ಮಾರಿದರೆ ಜಗಳ ಖಚಿತ. ಕೊನೆ ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಖರೀದಿ ಪತ್ರ ಮಾಡಿ, ಮುಂದಿನ ಮದ್ದು ಹೊಡೆಯುವ ಖರ್ಚು ಹೊಸಬರಿಗೆ ಹೋಗುತ್ತದೆ. ಅದಕ್ಕೂ ಮೊದಲೇ ಸಂಚಕಾರ ಹಿಡಿದರೆ ಈ ವರ್ಷದ ಅಡಿಕೆ, ಕಾಳುಮೆಣಸು ಯಾರಿಗೆ ಎಂಬುದನ್ನು ಕರಾರಿನಲ್ಲಿ ಬರೆಯಿಸಿ. ಫಸಲು ಗುತ್ತಿಗೆ ಕೊಟ್ಟಿದ್ದರೆ ಅದನ್ನೂ ತಿಳಿಸಿ. ಮನೆ ತೋರಿಸುವುದನ್ನು ಮಾತ್ರ ಕೊಯ್ಲಿನ ನಡುವೆಯೇ ಇಟ್ಟುಕೊಳ್ಳಿ. ಅಂಗಳದ ತುಂಬ ಅಡಿಕೆ ಹರಗಿರುವ ದೃಶ್ಯಕ್ಕಿಂತ ದೊಡ್ಡ ಸಾಕ್ಷಿ ತೋಟಕ್ಕೆ ಬೇರೆಯಿಲ್ಲ.

2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಬೆಂಗಳೂರಿನ ಗಿರಾಕಿಯನ್ನು ಹಿಂದೆ ಕಳಿಸುವ ಕಾರಣವಿಲ್ಲ. ತೋಟ ಮತ್ತು ಮನೆಯ ಬೆಲೆಯನ್ನು ಪತ್ರದಲ್ಲಿ ಬೇರೆಬೇರೆ ತೋರಿಸಿ. ಜನಸಂಖ್ಯೆ 10,000ದಿಂದ 1 ಲಕ್ಷದವರೆಗಿನ ಪಟ್ಟಣಗಳ ಎಲ್ಲೆಯಿಂದ 2 ಕಿ.ಮೀ. ಆಚೆಗಿನ ಗ್ರಾಮೀಣ ಕೃಷಿ ಜಮೀನಿನ ಲಾಭಕ್ಕೆ ಆದಾಯ ತೆರಿಗೆ ಬರುವುದಿಲ್ಲ, ಮನೆಯ ಲಾಭಕ್ಕೆ ಬರುತ್ತದೆ. ಶಿರಸಿ, ಕಾರವಾರ ಎರಡೂ ಈ ಗಾತ್ರದ ಪಟ್ಟಣಗಳೇ.

ಹಂಗಾಮಿಗೆ ಕಾಯಬಾರದ ಸಂದರ್ಭ

ಬೀಗ ಹಾಕಿದ ಹೆಂಚಿನ ಮನೆಯನ್ನು ಇನ್ನೊಂದು ಮಳೆಗಾಲ ದಾಟಿಸಬೇಡಿ. ಒಲೆ ಉರಿಯದ ಮನೆಯಲ್ಲಿ ಹೊಗೆ ಶಾಖ ಆಡುವುದಿಲ್ಲ, ಒಂದು ಹೆಂಚು ಸರಿದರೆ ನೋಡುವವರಿಲ್ಲ, ಅಕ್ಟೋಬರ್‌ಗೆ ಬಾಗಿಲು ತೆಗೆದಾಗ ಪಕಾಸು ಕೊಳೆತು ಕುಂಬಾಗಿರುತ್ತದೆ. ಅಂಥ ಮನೆಗೆ ಏಪ್ರಿಲ್‌ನಲ್ಲಿ ಸ್ವಲ್ಪ ಕಡಿಮೆ ಬೆಲೆ ಬಂದರೂ ಕೊಟ್ಟುಬಿಡುವುದೇ ಲೇಸು.

ಉಳಿದವರು ಕಾಗದದ ಮೇಲೆ ಲೆಕ್ಕ ಹಾಕಿ. ಜೂನ್‌ನಲ್ಲಿ ಒಬ್ಬರು 38 ಲಕ್ಷ ಕೊಡುತ್ತೇವೆಂದರು, ಜನವರಿಗೆ 40 ಬರಬಹುದೆಂದು ನಿಮ್ಮ ಅಂದಾಜು ಎಂದಿಟ್ಟುಕೊಳ್ಳಿ. 38 ಲಕ್ಷಕ್ಕೆ 7%ರಂತೆ ಆರು ತಿಂಗಳ ಬಡ್ಡಿ 1,33,000. ಮಾಡು, ಸುಣ್ಣ, ನೋಡಿಕೊಳ್ಳುವವರ ಸಂಬಳ ಸೇರಿ 40,000 ಆಯಿತೆನ್ನಿ. 2 ಲಕ್ಷದಲ್ಲಿ ಉಳಿಯುವುದು 27,000. ಅಷ್ಟಕ್ಕಾಗಿ ಕೈಲಿರುವ ಒಳ್ಳೆಯ ಗಿರಾಕಿಯನ್ನು ಬಿಡಬೇಕೇ? ನಾನಾದರೆ ಬಿಡುವುದಿಲ್ಲ. ಅದೇ ಜೂನ್‌ನ ಮಾತು 32 ಲಕ್ಷವಾಗಿದ್ದರೆ ಕಾಯುತ್ತೇನೆ.

ಸಂಚಕಾರದಿಂದ ಕೀಲಿಯವರೆಗೆ

ಮುಂಗಡವನ್ನು ನಗದಾಗಿ ಹಿಡಿಯಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ದಂಡ ಪಡೆದವರ ಮೇಲೆ. ಕರಾರಿನಲ್ಲಿ ಖರೀದಿ ಪತ್ರದ ಕೊನೆಯ ದಿನಾಂಕ ಬರೆಯಿಸಿ, ಮೇ ದಾಟದಂತೆ. ಕೊಳ್ಳುವವರಿಗೆ ಆಗುವ ಖರ್ಚನ್ನು ಮೊದಲೇ ಹೇಳಿಬಿಡಿ: ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಪಟ್ಟಣದಲ್ಲಿ 5.6%, ಹಳ್ಳಿಯಲ್ಲಿ 5.65%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಪಟ್ಟಣದ 40 ಲಕ್ಷದ ಮನೆಗೆ ಒಟ್ಟು 3,04,000. ಇದು ಗೊತ್ತಿಲ್ಲದೆ ಬಂದವರು ಕೊನೇ ಗಳಿಗೆಯಲ್ಲಿ ಆ ಮೊತ್ತವನ್ನು ನಿಮ್ಮ ಬೆಲೆಯಿಂದಲೇ ಕಳೆಯಲು ಕೇಳುತ್ತಾರೆ. ಮಾರ್ಗಸೂಚಿ ದರ ಏರಲಿದೆ ಎಂಬ ಸುದ್ದಿ ಹೊರಟ ವಾರಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳಿ.

ಕೀಲಿ ಕೊಡುವ ದಿನ ಹೆಸ್ಕಾಂ ಮೀಟರಿನ ಅಂಕಿ, ನೀರಿನ ಬಿಲ್ಲು, ಮನೆ ತೆರಿಗೆಯ ರಸೀದಿ ಇಬ್ಬರೂ ಕೂತು ನೋಡಿ ಸಹಿ ಮಾಡಿ. ಅಜ್ಜನ ಮನೆಯ ಕೀಲಿಯನ್ನು ನಾವು ಮೇ ಎರಡನೇ ವಾರ ಕೊಟ್ಟೆವು. ಜೊತೆಗೆ ಆಯಿ ತಮ್ಮ ಕೈಯಲ್ಲೇ ಬರೆದ ಒಂದು ಹಾಳೆ ಇತ್ತು: ಹಿತ್ತಲ ಕಾಲುವೆಯನ್ನು ಮಳೆಗೆ ಮೊದಲು ಬಿಡಿಸಬೇಕು, ಪಡುಗಾಳಿ ಬೀಸಿದರೆ ದೇವರ ಕೋಣೆಯ ಕಿಟಕಿಗೆ ತಟ್ಟಿ ಕಟ್ಟಬೇಕು, ಬಾವಿಕಟ್ಟೆ ಬದಿಯ ಮಾವಿನ ಮರದ ಮಿಡಿ ಉಪ್ಪಿನಕಾಯಿಗೆ ಒಳ್ಳೆಯದು, ಮಾರ್ಚ್ ದಾಟಿಸಬಾರದು.